ಆಸ್ಪತ್ರೆಯ ಖರ್ಚನ್ನು ಓದುವ ಶಾಸ್ತ್ರವೂ ನಮ್ಮ ಮಕ್ಕಳಿಗೆ ತಿಳಿದಿರಲಿ

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಪ್ಲಸ್ ಟು ಫಲಿತಾಂಶ ಬರುವ ಹೊತ್ತಿಗೆ ತಮ್ಮ ಪತ್ರಿಕೆಯ ಶಿಕ್ಷಣ ಪುಟದಲ್ಲಿ ಮುಂದೇನು ಓದಬಹುದು ಎಂಬ ಲೇಖನಗಳು ಬರುತ್ತವೆ. ಆರೋಗ್ಯ ಕ್ಷೇತ್ರದ ಮಾತು ಬಂದಾಗ ಎಂಬಿಬಿಎಸ್, ಆಯುರ್ವೇದ, ನರ್ಸಿಂಗ್, ಫಾರ್ಮಸಿ, ಲ್ಯಾಬ್ ಟೆಕ್ನಿಶಿಯನ್ ಕೋರ್ಸುಗಳ ವಿವರ ಅಲ್ಲಿ ಚೆನ್ನಾಗಿಯೇ ಇರುತ್ತದೆ. ವಿಜ್ಞಾನ ವಿಭಾಗದಲ್ಲಿ ಓದದ ವಿದ್ಯಾರ್ಥಿಗೆ ಈ ಕ್ಷೇತ್ರದಲ್ಲಿ ಜಾಗವೇ ಇಲ್ಲವೆಂಬ ಭಾವನೆ ಮಾತ್ರ ಅದರಿಂದ ಮೂಡುತ್ತದೆ. ಕಲಾ ವಿಭಾಗದಲ್ಲಿ ಅರ್ಥಶಾಸ್ತ್ರ ಓದಿ ಆರೋಗ್ಯದ ವಿಷಯದಲ್ಲೇ ಜೀವಮಾನದ ಕೆಲಸ ಮಾಡುವ ದಾರಿಯೊಂದಿದೆ. ಅದು ಆರೋಗ್ಯ ಅರ್ಥಶಾಸ್ತ್ರ. ಅದೇ ದಾರಿಯಲ್ಲಿ ನಡೆಯುತ್ತಿರುವ ನಾನು, ಆ ಓದು ಎಂಥದ್ದು, ಅದನ್ನು ಓದಿದವರು ಏನು ಮಾಡಬಹುದು, ಕಾಸರಗೋಡಿನ ಕನ್ನಡಿಗರಿಗೆ ಅಂಥವರ ಅಗತ್ಯ ಯಾಕೆ ಹೆಚ್ಚು ಎಂಬುದನ್ನು ತಮ್ಮ ಓದುಗರ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ.

ಆರೋಗ್ಯ ಅರ್ಥಶಾಸ್ತ್ರವೆಂದರೆ ಆಸ್ಪತ್ರೆಯ ಲೆಕ್ಕಪತ್ರ ಬರೆಯುವುದೆಂದು ಹಲವರು ತಿಳಿದಿದ್ದಾರೆ. ಅದು ಹಾಗಲ್ಲ. 1963ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಕೆನೆತ್ ಆ್ಯರೋ ಒಂದು ದೀರ್ಘ ಲೇಖನ ಬರೆದು, ಚಿಕಿತ್ಸೆಯನ್ನು ಸಂತೆಯ ಸರಕಿನ ಹಾಗೆ ನೋಡಲು ಯಾಕೆ ಬರುವುದಿಲ್ಲ ಎಂಬುದನ್ನು ತೋರಿಸಿದರು. ಯಾವಾಗ ಕಾಯಿಲೆ ಬೀಳುತ್ತೇವೆಂದು ಯಾರಿಗೂ ಗೊತ್ತಿಲ್ಲ, ಯಾವ ಚಿಕಿತ್ಸೆ ಬೇಕೆಂದು ರೋಗಿಗೆ ತಿಳಿಯದು, ಕೊಟ್ಟ ಹಣಕ್ಕೆ ಗುಣವಾಗುತ್ತದೆಂಬ ಖಾತರಿಯಿಲ್ಲ. ಬೇಕಾದದ್ದೇನೆಂದು ಹೇಳುವವರೂ ಅದನ್ನು ಒದಗಿಸುವವರೂ ಒಬ್ಬರೇ, ಅಂದರೆ ವೈದ್ಯರು. ಇಂಥ ವ್ಯವಹಾರದಲ್ಲಿ ಬೆಲೆ, ವಿಮೆ, ಸರಕಾರದ ಹೊಣೆ ಇವೆಲ್ಲ ಹೇಗಿರಬೇಕು ಎಂಬ ಪ್ರಶ್ನೆಗಳ ಸುತ್ತ ಈ ಶಾಸ್ತ್ರ ಬೆಳೆಯಿತು. ಆ್ಯರೋ ಅವರಿಗೆ 1972ರಲ್ಲಿ ಅರ್ಥಶಾಸ್ತ್ರದ ನೊಬೆಲ್ ದೊರೆತದ್ದು ಬೇರೆ ಕೆಲಸಕ್ಕಾಗಿ. ಆದರೂ ನಮ್ಮ ವಿಷಯದ ವಿದ್ಯಾರ್ಥಿಗಳು ಇಂದಿಗೂ ಮೊದಲು ಓದುವುದು ಆ 1963ರ ಲೇಖನವನ್ನೇ.

ನನ್ನ ಓದಿನ ಹಿನ್ನೆಲೆಯನ್ನು ಸ್ವಲ್ಪ ಹೇಳುತ್ತೇನೆ, ಏಕೆಂದರೆ ಅದು ಈ ಭಾಗದ ಬಹಳಷ್ಟು ಮಕ್ಕಳ ಹಿನ್ನೆಲೆಯೂ ಹೌದು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ, ಪ್ಲಸ್ ಟುವಿನಲ್ಲಿ ಕಲಾ ವಿಭಾಗ, ಬಿಎ ಅರ್ಥಶಾಸ್ತ್ರ, ಆಮೇಲೆ ಎಂಎ, ಈಗ ಸಂಶೋಧನೆ. ಬಿಎ ಮುಗಿಸುವವರೆಗೂ ಆರೋಗ್ಯ ಅರ್ಥಶಾಸ್ತ್ರ ಎಂಬ ಹೆಸರನ್ನು ನಾನು ಕೇಳಿರಲಿಲ್ಲ. ಎಂಎ ಪಠ್ಯದಲ್ಲಿ ಐಚ್ಛಿಕವಾಗಿದ್ದ ಒಂದು ಪತ್ರಿಕೆಯಿಂದ ಅದರ ಪರಿಚಯವಾಯಿತು. ಕಲಾ ವಿಭಾಗದಿಂದ ಬಂದವರಿಗೆ ಗಣಿತ ಕಷ್ಟವಾಗುತ್ತದೆಂಬ ಮಾತಿನಲ್ಲಿ ಸತ್ಯವಿದೆ. ಕಲನಶಾಸ್ತ್ರ, ಮಾತೃಕೆಗಳು, ಸಂಭಾವ್ಯತೆ ಇವಿಲ್ಲದೆ ಮುಂದೆ ಹೋಗಲಾಗದು. ಆದರೆ ಪದವಿಯ ಮೂರು ವರ್ಷಗಳಲ್ಲಿ ಅವನ್ನು ಕಲಿತುಕೊಳ್ಳಲು ಸಾಧ್ಯ. ಮೊದಲ ವರ್ಷದಲ್ಲೇ ಅದರ ಅಗತ್ಯವನ್ನು ಯಾರಾದರೂ ತಿಳಿಸಬೇಕು, ಅಷ್ಟೇ. ಕನ್ನಡ ಮಾಧ್ಯಮದ ಮಗುವಿಗೆ ಆ ಮಾತು ಸಕಾಲದಲ್ಲಿ ತಲುಪುವುದಿಲ್ಲ ಎಂಬುದು ನನ್ನ ಕೊರಗು.

ಈ ಓದಿನಲ್ಲಿ ಕೈಗೆ ಬರುವ ಮುಖ್ಯ ವಿದ್ಯೆ ಇಕಾನೊಮೆಟ್ರಿಕ್ಸ್, ಅಂದರೆ ಅಂಕಿಅಂಶಗಳಿಂದ ಕಾರಣವನ್ನು ಹುಡುಕುವ ಕ್ರಮ. ಉದಾಹರಣೆಗೆ, ಆರೋಗ್ಯ ವಿಮೆಯ ಕಾರ್ಡ್ ಇರುವ ಮನೆಗಳವರು ಹೆಚ್ಚು ಸಲ ಆಸ್ಪತ್ರೆಗೆ ದಾಖಲಾಗಿರುವುದು ಸಮೀಕ್ಷೆಯಲ್ಲಿ ಕಂಡಿತೆನ್ನಿ. ಕಾರ್ಡ್ ಇದ್ದುದರಿಂದ ಅವರು ಧೈರ್ಯವಾಗಿ ಆಸ್ಪತ್ರೆಗೆ ಹೋದರೇ, ಇಲ್ಲವೇ ಮೊದಲೇ ಕಾಯಿಲೆಯಿದ್ದವರು ಓಡಾಡಿ ಕಾರ್ಡ್ ಮಾಡಿಸಿಕೊಂಡರೇ? ಎರಡೂ ಒಂದೇ ಸಂಖ್ಯೆಯಾಗಿ ಕಾಣುತ್ತವೆ, ಆದರೆ ಸರಕಾರ ಕೈಗೊಳ್ಳಬೇಕಾದ ತೀರ್ಮಾನ ಎರಡಕ್ಕೂ ಬೇರೆಬೇರೆ. ಇದನ್ನು ಬಿಡಿಸಲೆಂದೇ ಅಮೆರಿಕದಲ್ಲಿ 1970ರ ದಶಕದಲ್ಲಿ ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆಯವರು ಸಾವಿರಾರು ಕುಟುಂಬಗಳಿಗೆ ಚೀಟಿ ಎತ್ತಿದ ಹಾಗೆ ಬೇರೆಬೇರೆ ಬಗೆಯ ವಿಮೆ ಹಂಚಿ, ವರ್ಷಗಟ್ಟಲೆ ಹಿಂಬಾಲಿಸಿ ನೋಡಿದರು. ಚಿಕಿತ್ಸೆ ಪೂರ್ತಿ ಉಚಿತವಾದಾಗ ಜನ ಹೆಚ್ಚು ಬಳಸಿದರು. ಸರಾಸರಿ ಮನುಷ್ಯನ ಆರೋಗ್ಯದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಬಡವರಾಗಿದ್ದು ರಕ್ತದೊತ್ತಡವೂ ಇದ್ದವರಿಗೆ ಮುಖ್ಯವಾಗಿ ಉಚಿತ ಚಿಕಿತ್ಸೆಯಿಂದ ಸ್ಪಷ್ಟವಾಗಿ ಒಳಿತಾಯಿತು. ಸರಾಸರಿಯನ್ನು ಮಾತ್ರ ನೋಡಿದರೆ ಯಾರು ಕಣ್ಣಿಗೆ ಬೀಳುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಕಾಸರಗೋಡಿನವರಾದ ನಾವು ಸರಾಸರಿಯ ಈ ತೊಂದರೆಯನ್ನು ಅನುಭವಿಸುತ್ತಲೇ ಬಂದಿದ್ದೇವೆ. ಶಿಶುಮರಣ ಕಡಿಮೆ, ಆಯುಷ್ಯ ಹೆಚ್ಚು ಎಂದು ಕೇರಳವನ್ನು ಜಗತ್ತೇ ಹೊಗಳುತ್ತದೆ, ಅದು ಸುಳ್ಳಲ್ಲ. ತಿರುವನಂತಪುರದ ಅಭಿವೃದ್ಧಿ ಅಧ್ಯಯನ ಕೇಂದ್ರದವರು 1975ರಲ್ಲಿ ವಿಶ್ವಸಂಸ್ಥೆಗಾಗಿ ಸಿದ್ಧಪಡಿಸಿದ ವರದಿಯಿಂದ ಮೊದಲ್ಗೊಂಡು, ಕಡಿಮೆ ಆದಾಯದಲ್ಲೂ ಒಳ್ಳೆಯ ಆರೋಗ್ಯ ಸಾಧ್ಯ ಎಂಬುದಕ್ಕೆ ಕೇರಳವೇ ನಿದರ್ಶನವಾಗಿದೆ. ಅದೇ ಕೇರಳ, ಒಬ್ಬೊಬ್ಬ ವ್ಯಕ್ತಿ ಚಿಕಿತ್ಸೆಗೆ ಸ್ವಂತ ಕಿಸೆಯಿಂದ ತೆರುವ ಹಣದಲ್ಲೂ ದೇಶದ ದೊಡ್ಡ ರಾಜ್ಯಗಳ ಪೈಕಿ ಮುಂದಿನ ಸಾಲಿನಲ್ಲಿದೆ. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನರೇ ಕೈಯಾರೆ ತೆರುವ ಪಾಲು 2013-14ರಲ್ಲಿ ನೂರಕ್ಕೆ 64.2 ಇದ್ದದ್ದು 2021-22ರ ಹೊತ್ತಿಗೆ 39.4ಕ್ಕೆ ಇಳಿದಿದೆಯೆಂದು ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರ ಹೇಳುತ್ತದೆ. ಈ ಇಳಿಕೆಯಲ್ಲಿ ಎಣ್ಮಕಜೆ, ಬೆಳ್ಳೂರು, ಪೈವಳಿಕೆ, ವರ್ಕಾಡಿಯಂಥ ನಮ್ಮ ಪಂಚಾಯತುಗಳ ಮನೆಗಳಿಗೆ ಸಿಕ್ಕ ಪಾಲೆಷ್ಟು? ರಾಷ್ಟ್ರೀಯ ಮಾದರಿ ಸಮೀಕ್ಷೆಯನ್ನು ರಾಜ್ಯ ಮಟ್ಟದ ಅಂದಾಜಿಗಾಗಿ ರೂಪಿಸಿದ್ದರಿಂದ ಒಂದು ಜಿಲ್ಲೆಗೆ ಬೀಳುವ ಮನೆಗಳ ಸಂಖ್ಯೆ ಚಿಕ್ಕದು. ಜಿಲ್ಲೆಯೊಳಗಿನ ಕನ್ನಡ, ತುಳು ಮಾತಾಡುವ ಪಂಚಾಯತುಗಳ ಮಟ್ಟಕ್ಕೆ ಇಳಿದರೆ ಹೇಳಬಹುದಾದದ್ದೇನೂ ಉಳಿಯುವುದಿಲ್ಲ.

ಗಡಿನಾಡಿನ ಚಿಕಿತ್ಸೆಗೆ ಇನ್ನೊಂದು ವಿಶೇಷವಿದೆ. ನಾವು ತೆರಿಗೆ ಕಟ್ಟುವುದು, ಪಡಿತರ ಚೀಟಿ ಇಟ್ಟುಕೊಂಡಿರುವುದು, ವಿಮೆಯ ಕಾರ್ಡ್ ಪಡೆದಿರುವುದು ಕೇರಳದಲ್ಲಿ. ದೊಡ್ಡ ಕಾಯಿಲೆ ಬಂದರೆ ಹೋಗುವುದು ಮಂಗಳೂರಿಗೆ. ಕಾಸರಗೋಡಿನಿಂದ ಮಂಗಳೂರು ಐವತ್ತು ಕಿಲೋಮೀಟರಿನ ಆಸುಪಾಸು, ಮಂಜೇಶ್ವರದವರಿಗೆ ಇನ್ನೂ ಹತ್ತಿರ. ಕೋಝಿಕ್ಕೋಡಿನ ವೈದ್ಯಕೀಯ ಕಾಲೇಜಿಗೆ ಹೋಗಬೇಕೆಂದರೆ ಅದರ ಮೂರು ಪಟ್ಟಿಗೂ ಮಿಕ್ಕಿದ ದಾರಿ. ನಮ್ಮ ಜಿಲ್ಲೆಯ ಉಕ್ಕಿನಡ್ಕದಲ್ಲಿ ಸರಕಾರಿ ವೈದ್ಯಕೀಯ ಕಾಲೇಜಿಗೆ 2013ರಲ್ಲಿ ಶಿಲಾನ್ಯಾಸವಾದ ಮೇಲೂ ವರ್ಷಗಟ್ಟಲೆ ಜನ ಗಡಿಯ ತಲಪಾಡಿ ದಾಟಿ ಹೋಗುತ್ತಲೇ ಇದ್ದರು. ಹೀಗೆ ಹೋದವರ ಹಣ ಕರ್ನಾಟಕದ ಆಸ್ಪತ್ರೆಯ ಆದಾಯವಾಗುತ್ತದೆ, ಸಾಲ ಕೇರಳದ ಸಹಕಾರಿ ಬ್ಯಾಂಕಿನಲ್ಲಿ ಉಳಿಯುತ್ತದೆ. ಕರ್ನಾಟಕದ ಯೋಜಕರಿಗೆ ಈ ರೋಗಿಗಳು ಹೊರಗಿನವರು, ಕೇರಳದ ಯೋಜಕರಿಗೆ ಇವರು ತಮ್ಮ ಆಸ್ಪತ್ರೆಗೆ ಬಾರದವರು. ನಮ್ಮ ಮನೆಯ ಖರ್ಚು ಹೀಗೆ ಎರಡು ರಾಜ್ಯಗಳ ಪುಸ್ತಕಗಳ ನಡುವೆ ಜಾರಿಹೋಗುತ್ತದೆ, ಮತ್ತು ಲೆಕ್ಕಕ್ಕೆ ಸಿಗದ ಕಷ್ಟಕ್ಕೆ ಬಜೆಟ್ಟಿನಲ್ಲಿ ಹಣ ಸಿಗುವುದಿಲ್ಲ.

2020ರ ಮಾರ್ಚ್ ತಿಂಗಳಿನಲ್ಲಿ ಕೊರೋನಾ ಕಾರಣದಿಂದ ಗಡಿಯ ರಸ್ತೆಗಳಿಗೆ ಮಣ್ಣು ಸುರಿದಾಗ ಇದು ಇಡೀ ದೇಶಕ್ಕೆ ಗೊತ್ತಾಯಿತು. ಮಂಗಳೂರನ್ನೇ ನಂಬಿದ್ದ ಹಲವು ರೋಗಿಗಳು ಚಿಕಿತ್ಸೆ ಸಿಗದೆ ತೀರಿಕೊಂಡರು. ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಆಗ ವಾದ ನಡೆದದ್ದು ಹಕ್ಕಿನ ನೆಲೆಯಲ್ಲಿ, ಅದು ಸರಿಯೇ. ಆದರೆ ನಿತ್ಯ ಎಷ್ಟು ಮಂದಿ, ಯಾವ ಕಾಯಿಲೆಗೆ, ಎಷ್ಟು ಹಣ ತೆತ್ತು ಆ ಗಡಿ ದಾಟುತ್ತಾರೆಂಬ ಲೆಕ್ಕ ನಮ್ಮ ಕೈಯಲ್ಲಿ ಮೊದಲೇ ಇದ್ದಿದ್ದರೆ, ರಸ್ತೆ ಮುಚ್ಚುವ ಮುನ್ನ ಅದನ್ನು ಅಧಿಕಾರಿಗಳ ಮುಂದಿಡಬಹುದಿತ್ತು.

ಲೆಕ್ಕವೆಂದರೆ ಬರೀ ಆಸ್ಪತ್ರೆಯ ಬಿಲ್ಲಲ್ಲ. ಡಯಾಲಿಸಿಸನ್ನೇ ತೆಗೆದುಕೊಳ್ಳಿ. ಯಾವುದೋ ಯೋಜನೆಯಡಿ ಡಯಾಲಿಸಿಸ್ ಪೂರ್ತಿ ಉಚಿತವಾಗಿ ಸಿಗುತ್ತದೆಂದೇ ಇಟ್ಟುಕೊಳ್ಳೋಣ. ವಾರಕ್ಕೆ ಎರಡು ಸಲವೆಂದರೂ ವರ್ಷಕ್ಕೆ 104 ಬಾರಿ ಹೋಗಿಬರಬೇಕು, ಜೊತೆಗೊಬ್ಬರು ಬೈಸ್ಟ್ಯಾಂಡರ್ ಇರಲೇಬೇಕು. ಬಸ್ಸಿಳಿದು ನಡೆಯಲಾರದವರು ರಿಕ್ಷಾ ಹಿಡಿಯಬೇಕು, ಇಬ್ಬರ ಊಟವಾಗಬೇಕು. ಜೊತೆಗೆ ಹೋಗುವವರು ಬೀಡಿ ಕಟ್ಟುವ ಹೆಂಗಸೋ ಅಡಿಕೆ ಸುಲಿಯುವ ಮಗನೋ ಆಗಿದ್ದರೆ ವರ್ಷದಲ್ಲಿ 104 ದಿನಗಳ ಕೂಲಿ ಹೋಯಿತು. ಸರಕಾರದ ಕಡತದಲ್ಲಿ ಇದು ಉಚಿತ ಚಿಕಿತ್ಸೆ. ನಮ್ಮ ಶಾಸ್ತ್ರದಲ್ಲಿ ಇದನ್ನು ಮೂರು ಭಾಗ ಮಾಡಿ ಬರೆಯುತ್ತೇವೆ: ಚಿಕಿತ್ಸೆಯ ನೇರ ವೆಚ್ಚ, ಪ್ರಯಾಣ ಊಟ ವಸತಿಗಳ ವೆಚ್ಚ, ಕೈತಪ್ಪಿದ ದುಡಿಮೆ. ಮನೆಯ ಒಟ್ಟು ಖರ್ಚಿನಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಚಿಕಿತ್ಸೆಗೇ ಹೋದರೆ ಅದನ್ನು ವಿನಾಶಕಾರಿ ವೆಚ್ಚವೆಂದು ಪರಿಗಣಿಸುವ ಅಳತೆಯೊಂದು ಬಹುಕಾಲದಿಂದ ಬಳಕೆಯಲ್ಲಿದೆ. ಆ ಅಳತೆಯಲ್ಲಿ ಸಾಮಾನ್ಯವಾಗಿ ಕೈತಪ್ಪಿದ ಕೂಲಿ ಸೇರುವುದೇ ಇಲ್ಲ. ಚಿನ್ನ ಅಡವಿಟ್ಟು, ಕುಟುಂಬಶ್ರೀ ಮಹಿಳಾ ಸಂಘದಿಂದ ಸಾಲ ಪಡೆದು, ತೋಟದ ಒಂದು ಭಾಗ ಮಾರಿ ಹೊಂದಿಸಿದ ಹಣಕ್ಕೆ ಮುಂದಿನ ವರ್ಷಗಳಲ್ಲಿ ಕಟ್ಟುವ ಬಡ್ಡಿಯೂ ಸೇರುವುದಿಲ್ಲ.

ಈ ವಿಷಯವನ್ನು ನಾನು ಆರಿಸಿಕೊಳ್ಳಲು ಎಲ್ಲಕ್ಕಿಂತ ದೊಡ್ಡ ಕಾರಣ ಎಂಡೋಸಲ್ಫಾನ್ ಎಂಬ ಕೀಟನಾಶಕ. ಕೇರಳ ಸರಕಾರದ ಪ್ಲಾಂಟೇಶನ್ ನಿಗಮದ ಗೇರು ತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಸುರಿದ ಆ ವಿಷದ ಕತೆಯನ್ನು ತಮ್ಮ ಓದುಗರಿಗೆ ಮತ್ತೆ ಹೇಳಬೇಕಾಗಿಲ್ಲ. ಎಣ್ಮಕಜೆಯ ಪಡ್ರೆ, ಸ್ವರ್ಗ ಎಂಬ ಊರುಗಳ ಹೆಸರು ದೇಶಕ್ಕೆಲ್ಲ ಗೊತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ಅದರ ಬಳಕೆಯನ್ನು ತಡೆಯಿತು. 2017ರ ಜನವರಿಯಲ್ಲಿ, ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರವನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಕೇರಳ ಸರಕಾರಕ್ಕೆ ಆದೇಶಿಸಿತು. ಹಣ ತಲುಪಲು ಮೂರು ತಿಂಗಳಲ್ಲ, ವರ್ಷಗಳೇ ಹಿಡಿದವು. 2022ರಲ್ಲಿ ಅದೇ ನ್ಯಾಯಾಲಯ ರಾಜ್ಯವನ್ನು ಕಟುವಾಗಿ ತರಾಟೆಗೆ ತೆಗೆದುಕೊಳ್ಳಬೇಕಾಯಿತು.

ಆ ಮೊತ್ತವನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಯೊಬ್ಬಳು ಹೇಗೆ ನೋಡುತ್ತಾಳೆಂಬುದನ್ನು ಹೇಳುತ್ತೇನೆ. 5 ಲಕ್ಷ ರೂಪಾಯಿಯನ್ನು ನೂರಕ್ಕೆ 6ರ ಬಡ್ಡಿಯಲ್ಲಿ ಬ್ಯಾಂಕಿನಲ್ಲಿಟ್ಟರೆ ತಿಂಗಳಿಗೆ 2,500 ರೂಪಾಯಿ ಬರುತ್ತದೆ. ಹಾಸಿಗೆ ಹಿಡಿದ ಮಗುವೊಂದಕ್ಕೆ ತಿಂಗಳಿಡೀ ಬೇಕಾಗುವ ಔಷಧಿ, ಡಯಾಪರ್, ಮೃದು ಆಹಾರ, ವಾಹನದ ಬಾಡಿಗೆ ಇಷ್ಟೇ ಸೇರಿದರೂ ಅದು ಸಾಲದು. ಬೆಲೆ ಏರಿದ ಹಾಗೆ ಅದರ ಮೌಲ್ಯವೂ ವರ್ಷವರ್ಷ ಕರಗುತ್ತದೆ. ಪಿಂಚಣಿ ಬೇರೆ ಇದೆಯೆಂಬುದು ನಿಜ. ಆದರೆ ಆ ಮಗುವನ್ನು ಎತ್ತಿ, ಮಗ್ಗುಲು ಬದಲಿಸಿ, ಉಣಿಸಿ, ರಾತ್ರಿ ಎದ್ದು ನೋಡುವ ತಾಯಿಯ ದುಡಿಮೆ ಯಾವ ಆದೇಶದಲ್ಲಿ ಎಣಿಕೆಯಾಗಿದೆ? ಅದೇ ಕೆಲಸವನ್ನು ದಿನಗೂಲಿಗೆ ಇನ್ನೊಬ್ಬರಿಂದ ಮಾಡಿಸಿದರೆ ಎಷ್ಟಾಗುತ್ತದೆ, ಆ ತಾಯಿ ಹೊರಗೆ ದುಡಿಯಲು ಹೋಗಿದ್ದರೆ ಎಷ್ಟು ಗಳಿಸುತ್ತಿದ್ದಳು, ಮಗು ಬದುಕಿರುವಷ್ಟು ಕಾಲದ ಆ ಮೊತ್ತವನ್ನು ಇಂದಿನ ಬೆಲೆಗೆ ತಂದರೆ ಎಷ್ಟಾಗುತ್ತದೆ ಎಂಬುದನ್ನು ಕಟ್ಟಿ ತೋರಿಸುವ ವಿಧಾನಗಳು ನಮ್ಮ ಶಾಸ್ತ್ರದಲ್ಲಿವೆ. ನ್ಯಾಯಾಲಯದ ಮುಂದೆ, ಸರಕಾರದ ಮುಂದೆ ಇಡುವ ಬೇಡಿಕೆಗೆ ಇಂಥ ಲೆಕ್ಕದ ಬೆಂಬಲವಿದ್ದರೆ, ಪರಿಹಾರವನ್ನು ಒಂದು ದುಂಡು ಸಂಖ್ಯೆಯಲ್ಲಿ ಮುಗಿಸಿಬಿಡುವುದು ಅಷ್ಟು ಸುಲಭವಾಗುವುದಿಲ್ಲ ಎಂದು ನಾನು ನಂಬಿದ್ದೇನೆ. ತಾಯಂದಿರ ಕಣ್ಣೀರಿಗೆ ಬೆಲೆ ಕಟ್ಟುವುದು ಸರಿಯೇ ಎಂದು ಕೆಲವರು ಕೇಳುತ್ತಾರೆ. ಕಣ್ಣೀರಿಗೆ ಬೆಲೆ ಕಟ್ಟುವವರು ಯಾರೂ ಇಲ್ಲ. ಆದರೆ ದುಡಿಮೆಗೆ ಬೆಲೆ ಕಟ್ಟದೆ ಬಿಟ್ಟಾಗ ಸರಕಾರಗಳು ಅದಕ್ಕೆ ಸೊನ್ನೆಯೆಂದೇ ಬೆಲೆ ಕಟ್ಟಿವೆ.

ನನ್ನ ಮುಂದಿನ ಗುರಿಗಳು ಇವುಗಳಿಂದಲೇ ಹುಟ್ಟಿವೆ. ಸಂಶೋಧನೆ ಮುಗಿದ ಮೇಲೆ ಮಂಜೇಶ್ವರ, ಕಾಸರಗೋಡು ತಾಲೂಕುಗಳ ಪಂಚಾಯತುಗಳಲ್ಲಿ ಮನೆಮನೆಯ ಚಿಕಿತ್ಸಾ ವೆಚ್ಚದ ಸಮೀಕ್ಷೆಯೊಂದನ್ನು ಸಾಕಷ್ಟು ದೊಡ್ಡ ಮಾದರಿಯಲ್ಲಿ, ಕನ್ನಡ, ತುಳು, ಮಲಯಾಳಂ ಎಲ್ಲದರಲ್ಲೂ ಪ್ರಶ್ನೆ ಕೇಳಿ ನಡೆಸಬೇಕೆಂಬುದು ಮೊದಲನೆಯದು. ಭಾಷೆಯ ಮಾತು ಇಲ್ಲಿ ಅಭಿಮಾನಕ್ಕಾಗಿ ಬಂದದ್ದಲ್ಲ. ಕಳೆದ ಹದಿನೈದು ದಿನಗಳಲ್ಲಿ ಏನಾದರೂ ಅಸೌಖ್ಯವಿತ್ತೇ ಎಂದು ತಿಳಿಯದ ಭಾಷೆಯಲ್ಲಿ ಕೇಳಿದರೆ, ಮನೆಯ ಅಜ್ಜಿ ಇಲ್ಲವೆಂದು ತಲೆಯಾಡಿಸಿಬಿಡುತ್ತಾರೆ. ಪಕ್ಕದ ಮನೆಯ ಹುಡುಗನ ಮೂಲಕ ಕೇಳಿಸಿದರೆ ಗರ್ಭಕೋಶದ ತೊಂದರೆಯನ್ನಾಗಲಿ, ಮನಸ್ಸಿನ ಕಾಯಿಲೆಯನ್ನಾಗಲಿ ಯಾವ ಹೆಂಗಸೂ ಹೇಳುವುದಿಲ್ಲ. ಹಾಗೆ ಬಿಟ್ಟುಹೋದ ಕಾಯಿಲೆ ವರದಿಯಲ್ಲಿ ಆರೋಗ್ಯವೆಂದು ಅಚ್ಚಾಗುತ್ತದೆ. ಎರಡನೆಯದು ವಿಮೆಯ ಕಾರ್ಡಿನ ಅಧ್ಯಯನ. ಕೇಂದ್ರದ ಆಯುಷ್ಮಾನ್ ಭಾರತ ಯೋಜನೆಯಡಿ 2018ರಿಂದ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ರಕ್ಷಣೆ ರಾಜ್ಯದ ಗಡಿ ದಾಟಿಯೂ ಸಿಗಬೇಕೆಂಬ ನಿಯಮವಿದೆ. ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಯೂ ಅದರೊಂದಿಗೆ ಸೇರಿಕೊಂಡಿದೆ. ಗಡಿಯಾಚೆ ಆ ಕಾರ್ಡ್ ತೋರಿಸಿದಾಗ ನಮ್ಮವರಿಗೆ ಯಾವ ಚಿಕಿತ್ಸೆಗೆ ಎಷ್ಟು ಸಿಕ್ಕಿತು, ಎಷ್ಟನ್ನು ಕೈಯಿಂದ ಸೇರಿಸಬೇಕಾಯಿತು ಎಂಬುದನ್ನು ಬಿಲ್ಲುಗಳನ್ನು ಮುಂದಿಟ್ಟುಕೊಂಡು ಅಧ್ಯಯನ ಮಾಡಬೇಕು. ದೂರದ ನಗರದಲ್ಲೋ ವಿದೇಶದಲ್ಲೋ ಕೆಲಸ ಮಾಡುವುದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಕಲಿಸುವ ಹುದ್ದೆಯೊಂದು ಸಿಕ್ಕರೆ ಈ ಜಿಲ್ಲೆಯಲ್ಲೇ ಇದ್ದು ಈ ಕೆಲಸ ಮಾಡಬೇಕೆಂಬುದು ನನ್ನ ಇಚ್ಛೆ.

ಇದನ್ನು ಓದಬಯಸುವ ವಿದ್ಯಾರ್ಥಿಗಳು ಬಹಳ ದೂರ ಹೋಗಬೇಕಾಗಿಲ್ಲ. 2009ರಲ್ಲಿ ಆರಂಭವಾದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯ ನಮ್ಮದೇ ಜಿಲ್ಲೆಯ ಪೆರಿಯದಲ್ಲಿದೆ, ಅಲ್ಲಿ ಅರ್ಥಶಾಸ್ತ್ರ ವಿಭಾಗವೂ ಸಾರ್ವಜನಿಕ ಆರೋಗ್ಯ ವಿಭಾಗವೂ ಇವೆ. ತಿರುವನಂತಪುರದಲ್ಲಿ ಅಭಿವೃದ್ಧಿ ಅಧ್ಯಯನ ಕೇಂದ್ರವೂ ಶ್ರೀಚಿತ್ರಾ ಸಂಸ್ಥೆಯ ಅಚ್ಯುತ ಮೆನನ್ ಕೇಂದ್ರವೂ ಇವೆ. ಬೆಂಗಳೂರಿನಲ್ಲಿ ಡಾ. ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಸ್ಥಾಪಿಸಿದ ಐಸೆಕ್ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ) ಇದೆ. ಉದ್ಯೋಗದ ಬಗ್ಗೆ ಪೋಷಕರು ಕೇಳುತ್ತಾರೆ, ಕೇಳಬೇಕಾದದ್ದೇ. ಕಾಲೇಜು ಮತ್ತು ವಿಶ್ವವಿದ್ಯಾಲಯಗಳಲ್ಲದೆ, ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರ ಸಿದ್ಧಪಡಿಸುವ ದೆಹಲಿಯ ಸಂಪನ್ಮೂಲ ಕೇಂದ್ರ, ಹೊಸ ಔಷಧಿ ಉಪಕರಣಗಳಿಗೆ ಸರಕಾರ ತೆರುವ ಹಣ ಸಾರ್ಥಕವೇ ಎಂದು ಪರಿಶೀಲಿಸಲು ಕೇಂದ್ರ ಆರೋಗ್ಯ ಸಂಶೋಧನಾ ಇಲಾಖೆ ದೇಶದ ಹಲವೆಡೆ ನಡೆಸುತ್ತಿರುವ ಕೇಂದ್ರಗಳು, ರಾಜ್ಯಗಳ ಆರೋಗ್ಯ ವಿಮಾ ಏಜೆನ್ಸಿಗಳು, ವಿಶ್ವ ಆರೋಗ್ಯ ಸಂಸ್ಥೆ, ಖಾಸಗಿ ವಿಮಾ ಮತ್ತು ಔಷಧಿ ಕಂಪನಿಗಳು ಇದನ್ನು ಓದಿದವರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತವೆ. ಸರಕಾರಿ ಹುದ್ದೆಗಳಲ್ಲಿ ಹಲವು ಗುತ್ತಿಗೆಯ ಮೇಲಿನವು ಎಂಬುದನ್ನು ಮರೆಮಾಚಬಾರದು. ರಾಷ್ಟ್ರೀಯ ಮಾದರಿ ಸಮೀಕ್ಷೆಯ ಮೂಲ ಅಂಕಿಅಂಶಗಳು ಈಗ ಕೇಂದ್ರ ಸಾಂಖ್ಯಿಕ ಸಚಿವಾಲಯದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ, ಅವನ್ನು ಬಿಡಿಸುವ 'ಆರ್' ತಂತ್ರಾಂಶವೂ ಉಚಿತ. ಮನೆಯಲ್ಲೊಂದು ಸಾಧಾರಣ ಲ್ಯಾಪ್‌ಟಾಪ್ ಇದ್ದ ಬಿಎ ವಿದ್ಯಾರ್ಥಿ ಇಂದೇ ಆರಂಭಿಸಬಹುದು.

ತಮ್ಮಲ್ಲಿ ನನ್ನ ಕೋರಿಕೆಯೆಂದರೆ, ಬರುವ ವರ್ಷದ ಶಿಕ್ಷಣ ಪುಟದಲ್ಲಿ ಈ ವಿಷಯಕ್ಕೂ ಸ್ವಲ್ಪ ಜಾಗ ಕೊಡಿ. ಜಿಲ್ಲೆಯ ಹೈಯರ್ ಸೆಕೆಂಡರಿ ಶಾಲೆಗಳ ಅರ್ಥಶಾಸ್ತ್ರ ಅಧ್ಯಾಪಕರು ಕಲಾ ವಿಭಾಗದ ಮಕ್ಕಳಿಗೆ ಇದರ ಬಗ್ಗೆಯೂ, ಇದಕ್ಕೆ ಬೇಕಾದ ಗಣಿತದ ಬಗ್ಗೆಯೂ ತಿಳಿಸಲಿ. ಕರೆದರೆ ನಾನೂ ಬಂದು ಮಾತನಾಡಲು ಸಿದ್ಧಳಿದ್ದೇನೆ. ಗಡಿನಾಡಿನ ಗ್ರಾಮ ಪಂಚಾಯತುಗಳ ಅಧ್ಯಕ್ಷರಲ್ಲಿ ಒಂದು ವಿನಂತಿ: ತಮ್ಮ ವಾರ್ಷಿಕ ಯೋಜನೆಗಾಗಿ ಆರೋಗ್ಯ ಕಾರ್ಯತಂಡ ಸೇರುವಾಗ, ಉಪಶಾಮಕ (ಪ್ಯಾಲಿಯೇಟಿವ್) ಆರೈಕೆಯ ನರ್ಸುಗಳೂ ಆಶಾ ಕಾರ್ಯಕರ್ತೆಯರೂ ಮನೆಭೇಟಿಯಲ್ಲಿ ಬರೆದುಕೊಳ್ಳುವ ಪುಸ್ತಕಕ್ಕೆ ಎರಡು ಕಾಲಂ ಸೇರಿಸಿ. ರೋಗಿ ಚಿಕಿತ್ಸೆಗೆ ಯಾವ ಊರಿಗೆ ಹೋದರು ಎಂಬುದು ಒಂದು, ಆ ಸಲ ಮನೆಯಿಂದ ಒಟ್ಟು ಎಷ್ಟು ಹಣ ಹೋಯಿತು ಎಂಬುದು ಇನ್ನೊಂದು. ಅದಕ್ಕೆ ಬೇಕಾದ ನಮೂನೆಯನ್ನು ಕನ್ನಡದಲ್ಲಿ ಬರೆದುಕೊಡುವ ಹೊಣೆ ನನ್ನದು.

ಇತಿ ತಮ್ಮ ವಿಶ್ವಾಸಿ,
ಆರೋಗ್ಯ ಅರ್ಥಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ,
ಬದಿಯಡ್ಕ, ಕಾಸರಗೋಡು ಜಿಲ್ಲೆ